14 ಜಲಾಶಯಗಳ ದಿನದ ಲೆಕ್ಕ: ಕೆಎಸ್‌ಎನ್‌ಡಿಎಂಸಿ ವರದಿಯನ್ನು ಎಷ್ಟು ನಂಬಬಹುದು, ಎಲ್ಲಿ ಎಚ್ಚರ ಬೇಕು

ಕೊಡಗಿಗೆ ಮೃಗಶಿರ ಮಳೆ ಹಿಡಿದ ಸುದ್ದಿ ಬಂದರೆ ಸಾಕು, ಮಂಡ್ಯ–ಮೈಸೂರಿನ ಕಡೆ ಬೆಳಗಿನ ಮೊದಲ ಮಾತು ‘ಕಟ್ಟೆ ಎಷ್ಟಡಿ ಆಯ್ತು?’ ಎಂಬುದೇ. ಹೊಸಪೇಟೆ, ಗಂಗಾವತಿ, ಸಿಂಧನೂರಿನಲ್ಲಿ ಇದೇ ಪ್ರಶ್ನೆ ತುಂಗಭದ್ರೆಯ ಬಗ್ಗೆ. ಈ ಪ್ರಶ್ನೆಗೆ ದಿನಾ, ಕಾಸು ಕೊಡದೆ ಸಿಗುವ ಉತ್ತರ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ (ಕೆಎಸ್‌ಎನ್‌ಡಿಎಂಸಿ) ಜಲಾಶಯ ವರದಿ. ರಾಜ್ಯದ 14 ದೊಡ್ಡ ಜಲಾಶಯಗಳು, ಪ್ರತಿಯೊಂದಕ್ಕೂ ಗರಿಷ್ಠ ಮಟ್ಟ, ಸಾಮರ್ಥ್ಯ, ಇವತ್ತಿನ ಮಟ್ಟ, ಇವತ್ತಿನ ಸಂಗ್ರಹ, ಕಳೆದ ವರ್ಷ ಇದೇ ದಿನದ ಸಂಗ್ರಹ, ಒಳಹರಿವು, ಹೊರಹರಿವು. ಒಂದೇ ಹಾಳೆಯಲ್ಲಿ ಎಲ್ಲವೂ ಸಿಗುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಸರ್ಕಾರ ಕೊಡುವ ನೀರಿನ ಮಾಹಿತಿಯಲ್ಲಿ ಇಷ್ಟು ನಿಯಮಿತವಾಗಿ, ಇಷ್ಟು ಸುಲಭವಾಗಿ ಕೈಗೆ ಸಿಗುವುದು ಇನ್ನೊಂದಿಲ್ಲ. ನೀರಿನ ವಿಷಯ ಬರೆಯುವವರು, ನೀರು ಬಳಕೆದಾರರ ಸಂಘದವರು, ಪಟ್ಟಣ ಪಂಚಾಯಿತಿಯ ಎಂಜಿನಿಯರುಗಳು ದಿನಾ ನೋಡಲೇಬೇಕು. ಆದರೆ ಇದು ದಾಸ್ತಾನಿನ ಲೆಕ್ಕ. ಉಗ್ರಾಣದಲ್ಲಿ ಎಷ್ಟು ಮೂಟೆ ಇದೆ ಎಂದು ತಿಳಿದ ಮಾತ್ರಕ್ಕೆ ಎಷ್ಟು ಜನ, ಎಷ್ಟು ದಿನ ಉಣ್ಣಬಹುದು ಎಂದು ತಿಳಿಯುವುದಿಲ್ಲ. ಆ ಎರಡನೆಯ ಲೆಕ್ಕವನ್ನು ಓದುಗರೇ ಮಾಡಿಕೊಳ್ಳಬೇಕು. ಮಾಡದೆ ಬರೀ ಶೇಕಡಾ ನೋಡಿದರೆ ದಾರಿ ತಪ್ಪುವುದು ಖಚಿತ.

ಮೊದಲು ಮಟ್ಟದ ಅಂಕಣ. ಕಬಿನಿಯ ಗರಿಷ್ಠ ಮಟ್ಟ 2,284 ಅಡಿ, ಹಾರಂಗಿಯದು 2,859, ಹೇಮಾವತಿಯದು 2,922. ಇವೆಲ್ಲ ಸಮುದ್ರ ಮಟ್ಟದಿಂದ ಎಣಿಸಿದವು. ಕೆಆರ್‌ಎಸ್ ಮಾತ್ರ 124.80 ಅಡಿ. ಅದು ಅಣೆಕಟ್ಟೆಯದೇ ಸ್ಥಳೀಯ ಅಳತೆ. ವರದಿಯಲ್ಲಿ ಮೀಟರಿಗೆ ತಿರುಗಿಸಿದಾಗಲೂ 38.04 ಎಂದು ಈ ಸ್ಥಳೀಯ ಅಳತೆಯೇ ಬರುತ್ತದೆ. ಪಕ್ಕದ ಸಾಲಿನಲ್ಲಿ 890 ಮೀಟರ್, ಇಲ್ಲಿ 38 ಮೀಟರ್ ಎಂದು ಕಂಡು ಅಚ್ಚಿನ ತಪ್ಪು ಎಂದುಕೊಳ್ಳಬೇಡಿ. ಭದ್ರೆಯ 186 ಅಡಿ, ವಾಣಿವಿಲಾಸ ಸಾಗರದ 130 ಅಡಿ ಎಂದು ಪತ್ರಿಕೆಗಳಲ್ಲಿ ಓದುವುದೂ ಸ್ಥಳೀಯ ಅಳತೆಯನ್ನೇ. ಎರಡು ಜಲಾಶಯಗಳ ಮಟ್ಟವನ್ನು ಹೋಲಿಸಿದರೆ ಏನೂ ಸಿಗುವುದಿಲ್ಲ. ಒಂದೇ ಜಲಾಶಯದ ನಿನ್ನೆಯ ಮತ್ತು ಇವತ್ತಿನ ಮಟ್ಟವನ್ನು ಮಾತ್ರ ಹೋಲಿಸಬೇಕು.

ಅಡಿಯನ್ನು ನೀರೆಂದು ಎಣಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಜಲಾಶಯ ತೊಟ್ಟಿಯಂತೆ ನೇರ ಗೋಡೆಯದ್ದಲ್ಲ, ಬಾಣಲೆಯಂತೆ ಮೇಲೆ ಅಗಲ, ಕೆಳಗೆ ಕಿರಿದು. ಕೆಆರ್‌ಎಸ್ 100 ಅಡಿ ಮುಟ್ಟಿತು ಎಂದರೆ ಐದರಲ್ಲಿ ನಾಲ್ಕು ಪಾಲು ತುಂಬಿತು ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಆ ಮಟ್ಟದಲ್ಲಿ ಇರುವ ನೀರು ಸುಮಾರು 23 ಟಿಎಂಸಿ. ಪೂರ್ಣ ಸಾಮರ್ಥ್ಯ 49.45 ಟಿಎಂಸಿ, ಅಂದರೆ ಅರ್ಧವೂ ಆಗಿರುವುದಿಲ್ಲ. ಮಿಕ್ಕ ಅರ್ಧಕ್ಕಿಂತ ಹೆಚ್ಚು ನೀರು ಕೊನೆಯ 25 ಅಡಿಯಲ್ಲೇ ನಿಲ್ಲುತ್ತದೆ. ಆದ್ದರಿಂದ ಮಟ್ಟದ ಅಂಕಣವನ್ನು ಪಕ್ಕಕ್ಕಿಟ್ಟು ಟಿಎಂಸಿ ಅಂಕಣಕ್ಕೆ ಹೋಗಿ.

ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,832 ಕೋಟಿ ಲೀಟರ್. ಜೊತೆಗೆ ಒಂದು ಅಂಕಿ ಬಾಯಿಪಾಠ ಮಾಡಿಟ್ಟುಕೊಳ್ಳಿ: 11,574. ಅಷ್ಟು ಕ್ಯೂಸೆಕ್ (ಸೆಕೆಂಡಿಗೆ ಒಂದು ಘನ ಅಡಿ ಎಂದರೆ ಒಂದು ಕ್ಯೂಸೆಕ್) ನೀರು 24 ಗಂಟೆ ಹರಿದರೆ ಒಂದು ಟಿಎಂಸಿ. ಒಳಹರಿವು 23,000 ಕ್ಯೂಸೆಕ್ ಎಂದು ಕಂಡರೆ ದಿನಕ್ಕೆ ಸುಮಾರು ಎರಡು ಟಿಎಂಸಿ ಬರುತ್ತಿದೆ ಎಂದು ತಕ್ಷಣ ಗೊತ್ತಾಗುತ್ತದೆ. ಕಾವೇರಿ ಗಲಾಟೆಯ ದಿನಗಳಲ್ಲಿ ‘5,000 ಕ್ಯೂಸೆಕ್, 15 ದಿನ’ ಎಂಬ ಆದೇಶ ಬಂದಾಗಲೂ ಇದೇ ಅಂಕಿಯಿಂದ ಭಾಗಿಸಿದರೆ ಆರೂವರೆ ಟಿಎಂಸಿ ಎಂದು ಉತ್ತರ ಬರುತ್ತದೆ. ಕ್ಯೂಸೆಕ್ಕಿನಲ್ಲಿ ಹೇಳಿದಾಗ ಕಾಣದ ಭಾರ ಟಿಎಂಸಿಯಲ್ಲಿ ಕಾಣುತ್ತದೆ.

ಇಡೀ ವರದಿಯಲ್ಲಿ ಅತಿ ಹೆಚ್ಚು ತಪ್ಪಾಗಿ ಓದುವ ಅಂಕಣ ಒಳಹರಿವಿನದು. ನದಿಯ ಬಾಯಲ್ಲಿ ಮೀಟರು ಕೂರಿಸಿ ಅಳೆದ ಅಂಕಿ ಅದು ಎಂದು ಹಲವರ ನಂಬಿಕೆ. ಸಾಮಾನ್ಯವಾಗಿ ಅದು ಅಳತೆಯಲ್ಲ, ಲೆಕ್ಕ. ನಿನ್ನೆ ಬೆಳಿಗ್ಗೆಯಿಂದ ಇವತ್ತು ಬೆಳಿಗ್ಗೆಗೆ ಸಂಗ್ರಹ ಎಷ್ಟು ಹೆಚ್ಚಿತು ಎಂದು ನೋಡಿ, ಅದಕ್ಕೆ ಹೊರಗೆ ಬಿಟ್ಟ ನೀರನ್ನು ಸೇರಿಸಿದರೆ ಒಳಹರಿವು. ಹಾಗಾಗಿ ಮಟ್ಟ ಓದುವಾಗಿನ ಒಂದು ಸಣ್ಣ ತಪ್ಪು ನೇರವಾಗಿ ಒಳಹರಿವಿಗೆ ಬಂದು ಕೂರುತ್ತದೆ. ಕೆಆರ್‌ಎಸ್ ತುಂಬಿದಾಗ ಹಿನ್ನೀರಿನ ಹರವು ಸುಮಾರು 130 ಚದರ ಕಿಲೋಮೀಟರ್. ಮಟ್ಟದ ಓದು ಒಂದೇ ಒಂದು ಇಂಚು ಆಚೀಚೆಯಾದರೆ 0.117 ಟಿಎಂಸಿ ವ್ಯತ್ಯಾಸ, ಅಂದರೆ ಆ ದಿನದ ಒಳಹರಿವಿನಲ್ಲಿ ಸುಮಾರು 1,350 ಕ್ಯೂಸೆಕ್. ತುಂಗಭದ್ರೆಯ ಹರವು 378 ಚದರ ಕಿಲೋಮೀಟರ್. ಅಲ್ಲಿ ಅದೇ ಒಂದು ಇಂಚು ಸುಮಾರು 3,900 ಕ್ಯೂಸೆಕ್. ಗಾಳಿ ಜೋರಾಗಿ ಕಟ್ಟೆಯ ಕಡೆಗೇ ಬೀಸಿ ನೀರನ್ನು ಒತ್ತಿದರೆ, ಅಲೆ ಎದ್ದಾಗ ಅಳತೆಪಟ್ಟಿ ಓದಿದರೆ, ಒಂದು ಇಂಚಿನ ತಪ್ಪು ದೊಡ್ಡ ವಿಷಯವೇನಲ್ಲ. ಹೊರಹರಿವಿನ ತಪ್ಪೂ ಇದಕ್ಕೆ ಸೇರುತ್ತದೆ. ಗೇಟಿನಿಂದ ಹೊರಟ ನೀರನ್ನು ಗೇಟು ಎಷ್ಟು ಎತ್ತಿದ್ದಾರೆ, ಮೇಲೆ ಎಷ್ಟು ನೀರಿದೆ ಎಂಬುದರಿಂದ ಸೂತ್ರ ಹಾಕಿ ತೆಗೆಯುತ್ತಾರೆ. ವಿದ್ಯುತ್ ಘಟಕದ ನೀರನ್ನು ಉತ್ಪಾದನೆಯಿಂದ ಅಂದಾಜಿಸಬಹುದು. ಪ್ರತಿಯೊಂದರಲ್ಲೂ ಶೇಕಡಾ ಕೆಲವಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ.

ಪುಷ್ಯ, ಆಶ್ಲೇಷ ಮಳೆಗಳ ಹೊಡೆತದಲ್ಲಿ ಒಳಹರಿವು 50,000 ಕ್ಯೂಸೆಕ್ ಇರುವಾಗ ಈ ತಪ್ಪು ನಗಣ್ಯ. ಡಿಸೆಂಬರಿನಲ್ಲಿ ಒಳಹರಿವು 1,000 ಕ್ಯೂಸೆಕ್ಕಿಗೆ ಇಳಿದಾಗ ತಪ್ಪೇ ಅಂಕಿಗಿಂತ ದೊಡ್ಡದಾಗುತ್ತದೆ. ಬೇಸಿಗೆಯಲ್ಲಂತೂ ಆವಿಯಾಗುವ ನೀರೂ ಲೆಕ್ಕದೊಳಗೆ ನುಸುಳಿ, ಕೂಡಿ ಕಳೆದಾಗ ಒಳಹರಿವು ಸೊನ್ನೆಗಿಂತ ಕೆಳಕ್ಕೆ ಹೋಗುವುದೂ ಉಂಟು. ಇದಕ್ಕೆ ಪರಿಹಾರ ಸರಳ. ಬೇಸಿಗೆಯಲ್ಲಿ ಒಂದು ದಿನದ ಒಳಹರಿವನ್ನು ಬಳಸಲೇಬೇಡಿ. ಏಳು ದಿನ ಬಿಟ್ಟು ಎರಡು ಸಂಗ್ರಹದ ಅಂಕಿ ತೆಗೆದುಕೊಂಡು, ನಡುವಿನ ಏಳು ಹೊರಹರಿವನ್ನು ಕೂಡಿಸಿ ನೀವೇ ಸರಾಸರಿ ತೆಗೆಯಿರಿ. ಒಂದು ದಿನದ ಇಂಚಿನ ತಪ್ಪು ಏಳು ದಿನಕ್ಕೆ ಹಂಚಿಹೋಗುತ್ತದೆ.

ಇನ್ನೊಂದು ಕೆಟ್ಟ ಅಭ್ಯಾಸವಿದೆ. 14 ಜಲಾಶಯಗಳ ಒಳಹರಿವನ್ನು ಕೂಡಿಸಿ ‘ರಾಜ್ಯಕ್ಕೆ ಇಷ್ಟು ನೀರು ಬಂತು’ ಎನ್ನುವುದು. ಹಾರಂಗಿ ಮತ್ತು ಹೇಮಾವತಿಯಿಂದ ನದಿಗೆ ಬಿಟ್ಟ ನೀರು ಕೆಆರ್‌ಎಸ್‌ನ ಒಳಹರಿವಾಗಿ ಮತ್ತೆ ಬರುತ್ತದೆ. ಭದ್ರೆಯದ್ದು ತುಂಗಭದ್ರೆಗೆ, ಘಟಪ್ರಭೆಯದ್ದು ಆಲಮಟ್ಟಿಗೆ, ಆಲಮಟ್ಟಿಯದ್ದೂ ಮಲಪ್ರಭೆಯದ್ದೂ ನಾರಾಯಣಪುರಕ್ಕೆ ಹೋಗುತ್ತದೆ. ಭದ್ರಾ ಮೇಲ್ದಂಡೆಯಿಂದ ಎತ್ತಿ ಹರಿಸಿದ ನೀರು ವಾಣಿವಿಲಾಸ ಸಾಗರದ ಒಳಹರಿವಾಗಿ ಕಾಣಿಸುತ್ತದೆ. ಕೂಡಿಸಿದರೆ ಒಂದೇ ನೀರನ್ನು ಎರಡು ಸಲ ಎಣಿಸಿದಂತೆ. ಸಂಗ್ರಹವನ್ನು ಕೂಡಿಸಬಹುದು, ಹರಿವನ್ನು ಕೂಡಿಸಬಾರದು.

ಸಂಗ್ರಹ ಕೂಡಿಸುವಾಗಲೂ ಒಂದು ಜಾಗ್ರತೆ ಬೇಕು. 14 ಜಲಾಶಯಗಳ ಒಟ್ಟು ಸಾಮರ್ಥ್ಯ 895.62 ಟಿಎಂಸಿ. ಅದರಲ್ಲಿ ಲಿಂಗನಮಕ್ಕಿ 151.75, ಸೂಪಾ 145.33, ವಾರಾಹಿ 31.10. ಮೂರೂ ವಿದ್ಯುತ್ತಿಗಾಗಿ ಕಟ್ಟಿದವು, ಮೂರರ ನೀರೂ ಪಡುವಣ ಕಡಲಿಗೆ ಹರಿಯುವಂಥದ್ದು. ಕೂಡಿದರೆ 328.18 ಟಿಎಂಸಿ, ಒಟ್ಟಿನ ಮೂರರಲ್ಲೊಂದು ಪಾಲಿಗೂ ಮಿಗಿಲು. ಶರಾವತಿ ಕೊಳ್ಳದಲ್ಲಿ ಮಳೆ ಚೆನ್ನಾಗಿ ಬಿದ್ದು ಲಿಂಗನಮಕ್ಕಿ ತುಂಬಿದರೆ ‘ರಾಜ್ಯದ ಜಲಾಶಯಗಳು ಶೇ 70 ಭರ್ತಿ’ ಎಂಬ ತಲೆಬರಹ ಬರುತ್ತದೆ. ಅದೇ ದಿನ ರಾಯಚೂರಿನ ರೈತನ ನಾಲೆಯಲ್ಲಿ ನೀರಿಲ್ಲದೆ ಇರಬಹುದು. ವರದಿ ಜಲಾಶಯಗಳನ್ನು ವಿದ್ಯುತ್, ಕಾವೇರಿ ಕೊಳ್ಳ, ಕೃಷ್ಣಾ ಕೊಳ್ಳ ಎಂದು ಗುಂಪು ಮಾಡಿ ಕೊಡುವುದು ಇದರ ದೊಡ್ಡ ಒಳ್ಳೆಯ ಗುಣ. ಗುಂಪಿನ ಮೊತ್ತ ನೋಡಿ, ಕೊನೆಯ ಸಾಲಿನ ಮೊತ್ತವನ್ನು ಮರೆತುಬಿಡಿ.

ಈಗ ಶೇಕಡಾ ಅಂಕಣ. ಈ ವಿಮರ್ಶೆಯ ಮುಖ್ಯ ತಕರಾರು ಇಲ್ಲೇ. ಶೇಕಡಾವಾರು ಲೆಕ್ಕ ನಿಂತಿರುವುದು ಒಟ್ಟು ಸಂಗ್ರಹದ ಮೇಲೆ. ತೂಬಿನ ತಳಕ್ಕಿಂತ ಕೆಳಗಿನ ನೀರು, ಎಂಜಿನಿಯರುಗಳು ಡೆಡ್ ಸ್ಟೋರೇಜ್ ಎನ್ನುವುದು, ಅದರಲ್ಲಿ ಸೇರಿಕೊಂಡಿದೆ. ಕಾವೇರಿ ಕೊಳ್ಳದ ನಾಲ್ಕು ಜಲಾಶಯಗಳ ಒಟ್ಟು ಸಂಗ್ರಹ 114.57 ಟಿಎಂಸಿ, ಬಳಕೆಗೆ ಬರುವುದು 104.55. ಹತ್ತು ಟಿಎಂಸಿ ಕಾಗದದ ಮೇಲಿದ್ದರೂ ನಾಲೆಗೆ ಬರುವುದಿಲ್ಲ. ಈ ಹತ್ತು ಟಿಎಂಸಿ ನಾಲ್ಕು ಜಲಾಶಯಗಳಿಗೆ ಸಮನಾಗಿಯೂ ಹಂಚಿಲ್ಲ. ಹೇಮಾವತಿಯಲ್ಲಿ 37.10ಕ್ಕೆ 35.76 ಬಳಸಬಹುದು. ಹಾರಂಗಿಯಲ್ಲಿ 8.50ಕ್ಕೆ 8.07. ಕೆಆರ್‌ಎಸ್‌ನಲ್ಲಿ 49.45ಕ್ಕೆ 45.05. ಕಬಿನಿಯಲ್ಲಿ 19.52ಕ್ಕೆ 15.67 ಮಾತ್ರ. ಅಂದರೆ ಕಬಿನಿ ‘ಶೇ 20 ಇದೆ’ ಎಂದು ತೋರಿಸುವ ದಿನ ಅಲ್ಲಿ ಬಳಸಲು ಹೆಚ್ಚುಕಡಿಮೆ ಏನೂ ಇಲ್ಲ. ಹೇಮಾವತಿಯ ಶೇ 20ರಲ್ಲಿ ಆರು ಟಿಎಂಸಿ ಬಳಸಬಹುದಾದ ನೀರಿದೆ. ಒಂದೇ ಶೇಕಡಾ, ಎರಡು ಬೇರೆಯೇ ಪರಿಸ್ಥಿತಿ.

ಬಳಸುವ ಕ್ರಮ ಒಂದು ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. ಫೆಬ್ರುವರಿ 1ರಂದು ನಾಲ್ಕೂ ಜಲಾಶಯ ಸೇರಿ 40 ಟಿಎಂಸಿ ಇದೆ ಎಂದಿಟ್ಟುಕೊಳ್ಳಿ. ವರದಿಯ ಪ್ರಕಾರ ಶೇ 35, ಕೇಳಲು ಪರವಾಗಿಲ್ಲ ಅನ್ನಿಸುತ್ತದೆ. ಮೊದಲು ಡೆಡ್ ಸ್ಟೋರೇಜಿನ 10 ತೆಗೆಯಿರಿ, ಉಳಿದದ್ದು 30. ಲೆಕ್ಕವನ್ನು ಮೇ ಕೊನೆಗೆ ನಿಲ್ಲಿಸಬೇಡಿ, ಜೂನ್ 30ರವರೆಗೆ ಎಳೆಯಿರಿ. ಮುಂಗಾರು ಕೈಕೊಟ್ಟ ವರ್ಷ ಜೂನ್ ತಿಂಗಳೂ ಬೇಸಿಗೆಯೇ. ಒಟ್ಟು 150 ದಿನ. ಬೆಂಗಳೂರಿಗೆ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಸೇರಿದ ಮೇಲೆ ಕಾವೇರಿಯಿಂದ ಎತ್ತುವ ಸಾಮರ್ಥ್ಯ 2,225 ಎಂಎಲ್‌ಡಿ, ಅಂದರೆ ದಿನಕ್ಕೆ 222.5 ಕೋಟಿ ಲೀಟರ್. 150 ದಿನಕ್ಕೆ 11.8 ಟಿಎಂಸಿ. ಕಳೆದರೆ 18.2. ತಮಿಳುನಾಡಿಗೆ ಹೋಗುವ ನೀರನ್ನು ಅಳೆಯುವ ಗಡಿಯ ಬಿಳಿಗುಂಡ್ಲುವಿನಲ್ಲಿ ಫೆಬ್ರುವರಿಯಿಂದ ಮೇವರೆಗೆ ತಿಂಗಳಿಗೆ 2.5 ಟಿಎಂಸಿಯಂತೆ ಹತ್ತು ಟಿಎಂಸಿ ಹರಿಯಬೇಕು. ಈಗ 8.2. ಆವಿಯಾಗುವ ಲೆಕ್ಕಕ್ಕೆ, ನೀರು ಇಳಿದಿರುವಾಗ ನಾಲ್ಕರ ಹರವು ಒಟ್ಟು 120 ಚದರ ಕಿಲೋಮೀಟರ್, ದಿನಕ್ಕೆ 5 ಮಿಲಿಮೀಟರ್ ಎಂದು ಹಿಡಿದರೂ 3.2 ಟಿಎಂಸಿ ಹೋಗುತ್ತದೆ. ಕೈಯಲ್ಲಿ ಉಳಿದದ್ದು 5 ಟಿಎಂಸಿ. ಮೈಸೂರು, ಮಂಡ್ಯ, ಹಾಸನ ಮತ್ತು ನದಿ ಪಾತ್ರದ ಪಟ್ಟಣಗಳ ಕುಡಿಯುವ ನೀರು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ನದಿಯ ಮರಳಿನಲ್ಲಿ ಇಂಗುವುದೂ, ಬಿಳಿಗುಂಡ್ಲುವಿನ ಜೂನ್ ತಿಂಗಳ ಪಾಲೂ ಬಂದಿಲ್ಲ. ಭತ್ತದ ಗದ್ದೆಗೆ ಬೆಳೆ ಮುಗಿಯುವ ಹೊತ್ತಿಗೆ 1.2 ಮೀಟರ್ ನೀರು ಬೇಕೆಂದರೆ, ನಾಲೆಯ ಸೋರಿಕೆ ಬಿಟ್ಟೂ ಒಂದು ಟಿಎಂಸಿಗೆ 5,800 ಎಕರೆ. ‘ಶೇ 35 ಇದೆಯಲ್ಲ, ಬೇಸಿಗೆ ಬೆಳೆಗೆ ನೀರು ಬಿಡಿ’ ಎಂಬ ಒತ್ತಾಯ ಏಕೆ ಈಡೇರುವುದಿಲ್ಲ, ಕೆಲ ದಿನ ಬಿಟ್ಟು ಕೆಲ ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ಏಕೆ ಬರುತ್ತದೆ ಎಂಬುದಕ್ಕೆ ಉತ್ತರ ಇಷ್ಟೇ.

ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಬೆಂಗಳೂರಿನ ನೀರನ್ನು ಕೆಆರ್‌ಎಸ್‌ನಿಂದ ಕೊಳವೆ ಹಾಕಿ ಎಳೆಯುವುದಿಲ್ಲ. ಜಲಾಶಯದಿಂದ ನದಿಗೆ ಬಿಟ್ಟು, ಶಿವ ಅಣೆಕಟ್ಟೆಯಲ್ಲಿ ತಿರುಗಿಸಿ, ನೆಟ್ಕಲ್ ಸಮತೋಲನ ಜಲಾಶಯದ ಮೂಲಕ ತೊರೆಕಾಡನಹಳ್ಳಿಗೆ ತಂದು, ಅಲ್ಲಿಂದ ಮೂರು ಹಂತದಲ್ಲಿ ಪಂಪು ಮಾಡುತ್ತಾರೆ. ನದಿ ಒಣಗಿದ್ದಾಗ ಶಿವ ಅಣೆಕಟ್ಟೆಗೆ ಒಂದು ಪಾಲು ತಲುಪಿಸಲು ಮೇಲಿಂದ ಒಂದು ಪಾಲಿಗಿಂತ ಹೆಚ್ಚೇ ಬಿಡಬೇಕು. ಇನ್ನೊಂದು ಕಡೆ, ಬೆಂಗಳೂರು ಬಳಸಿ ಬಿಟ್ಟ ನೀರಿನ ಒಂದು ಭಾಗ ವೃಷಭಾವತಿ, ಅರ್ಕಾವತಿಯ ಮೂಲಕ ಸಂಗಮದಲ್ಲಿ ಮತ್ತೆ ಕಾವೇರಿಗೆ ಸೇರಿ ಬಿಳಿಗುಂಡ್ಲುವಿನ ಅಳತೆಗೆ ಬರುತ್ತದೆ. ಹಾಗಾಗಿ ಮೇಲಿನ 11.8 ಮತ್ತು 10 ಪೂರ್ತಿ ಬೇರೆ ಬೇರೆ ಬಾಬತ್ತುಗಳಲ್ಲ. ಆದರೂ ಯೋಜನೆ ಹಾಕುವಾಗ ಬೇರೆ ಎಂದೇ ಹಿಡಿಯುವುದು ಕ್ಷೇಮ. ಕೊಳಚೆ ಸೇರಿದ ಆ ನೀರನ್ನು ನಂಬಿ ಕುಡಿಯುವ ನೀರಿನ ಮೀಸಲನ್ನು ಕಡಿಮೆ ಮಾಡಿಕೊಳ್ಳುವುದು ಸರಿಯಲ್ಲ.

‘ಕಳೆದ ವರ್ಷ ಇದೇ ದಿನ’ ಎಂಬ ಅಂಕಣವನ್ನು ಓದುವಾಗ ಕಳೆದ ವರ್ಷ ಎಂಥದ್ದಾಗಿತ್ತು ಎಂದು ಮೊದಲು ನೆನಪಿಸಿಕೊಳ್ಳಿ. 2023ರಲ್ಲಿ ಕೆಆರ್‌ಎಸ್ ತುಂಬಲೇ ಇಲ್ಲ. ಅದರ ಪಕ್ಕದಲ್ಲಿಟ್ಟರೆ 2024ರ ಎಂಥ ಅಂಕಿಯೂ ಸಮೃದ್ಧಿಯಂತೆ ಕಂಡಿತು. 2025ರಲ್ಲಿ ಜೂನ್ ಕೊನೆಗೇ ಕಟ್ಟೆ ತುಂಬಿ ಬಾಗಿನ ಅರ್ಪಿಸಿದ್ದಾಯಿತು. ಅಂಥ ವರ್ಷದ ಪಕ್ಕ ನಿಂತರೆ ಮುಂದಿನ ಸಾಧಾರಣ ವರ್ಷವೂ ಬರಗಾಲದಂತೆ ಕಾಣಬಹುದು. ಹತ್ತು ವರ್ಷದ ಸರಾಸರಿಯೇ ಸರಿಯಾದ ಅಳತೆಗೋಲು.

ತುಂಗಭದ್ರೆಯ ಸಾಲಿಗೆ ಪ್ರತ್ಯೇಕ ಮಾತು ಬೇಕು. ಈ ವರದಿಯ ಅತ್ಯಂತ ಕಷ್ಟದ ಸಾಲು ಅದೇ. 1953ರಲ್ಲಿ 1,633 ಅಡಿಗೆ ಈ ಜಲಾಶಯ ಹಿಡಿಯುತ್ತಿದ್ದದ್ದು ಸುಮಾರು 132 ಟಿಎಂಸಿ. ಹೂಳು ತುಂಬಿ 2008ರ ಸಮೀಕ್ಷೆಯಲ್ಲಿ 100.86 ಎಂದಾಯಿತು. 2016ರ ಸಮೀಕ್ಷೆಯಲ್ಲಿ 105.79 ಎಂದಾಯಿತು, ವರದಿಯಲ್ಲಿ ಈಗ ಬಳಕೆಯಲ್ಲಿರುವುದು ಅದೇ. ನಡುವೆ ಹೂಳೇನೂ ಕರಗಲಿಲ್ಲ. ಅಳೆಯುವ ವಿಧಾನ ಬದಲಾದರೆ ಉತ್ತರ ಬದಲಾಗುತ್ತದೆ, ಅಷ್ಟೇ. ಆದ್ದರಿಂದ ಹಳೆಯ ವರ್ಷಗಳ ‘ಶೇ 100’ ಮತ್ತು ಇಂದಿನ ‘ಶೇ 100’ ಒಂದೇ ಅಲ್ಲ. ನಡುವೆ ಸುಮಾರು 27 ಟಿಎಂಸಿ ಕಳೆದುಹೋಗಿದೆ, ಮೂರು ಹಾರಂಗಿಗಿಂತ ಹೆಚ್ಚು. ಹಳೆಯ ವರ್ಷಗಳೊಡನೆ ಹೋಲಿಸುವಾಗ ಆಯಾ ಕಾಲದ ಮಟ್ಟ–ಸಂಗ್ರಹ ಕೋಷ್ಟಕ ಯಾವುದಿತ್ತು ಎಂದು ನೋಡದಿದ್ದರೆ ಹೋಲಿಕೆಗೆ ಅರ್ಥವೇ ಇಲ್ಲ.

ಅದರ ಮೇಲೆ ಗೇಟಿನ ಕಥೆ. 2024ರ ಆಗಸ್ಟ್ 10ರ ರಾತ್ರಿ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದು ಚೈನ್ ಲಿಂಕ್ ತುಂಡಾಗಿ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಮಿಕ್ಕ ಗೇಟುಗಳನ್ನೂ ಎತ್ತಿ ನೀರು ಬಿಟ್ಟು, ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ (ಗೇಟಿನ ಬದಲು ತಾತ್ಕಾಲಿಕ ತಡೆ) ಇಳಿಸಿ ಒಂದು ವಾರದಲ್ಲಿ ಹರಿವು ತಡೆದರು. ಮುಂದಿನ ವರ್ಷ ಗೇಟುಗಳ ಸುರಕ್ಷತೆಗಾಗಿ 80 ಟಿಎಂಸಿಗೆ ಮಿತಿ ಹಾಕಿದರು. 105.79ಕ್ಕೆ 80 ಎಂದರೆ ಶೇ 76. ನದಿಯಲ್ಲಿ ನೀರು ಧಾರಾಳವಾಗಿ ಹರಿದುಹೋಗುತ್ತಿದ್ದರೂ ಸಂಗ್ರಹ ಶೇ 76ರಲ್ಲೇ ನಿಲ್ಲುವ ಸ್ಥಿತಿ. ಮಳೆ ಸಾಲದೆ ಶೇ 76 ಆಗುವುದು ಬೇರೆ, ಗೇಟು ತಾಳದೆಂದು ಶೇ 76ಕ್ಕೆ ನಿಲ್ಲಿಸುವುದು ಬೇರೆ. ಸಂಖ್ಯೆ ನೋಡಿ ಇದನ್ನು ತಿಳಿಯಲಾಗದು. ‘ಈ ವರ್ಷ ಹಿಡಿಯಲು ಅನುಮತಿ ಇರುವ ಮಟ್ಟ’ ಎಂಬ ಒಂದು ಅಂಕಣ ಇಂಥ ವರದಿಗೆ ಅತ್ಯಗತ್ಯ. ಕೃಷ್ಣೆ, ಕಾವೇರಿಯ ಅಣೆಕಟ್ಟೆಗಳಿಗೂ ವಯಸ್ಸಾಗುತ್ತಿದೆ. ಇಂಥ ಮಿತಿ ಮುಂದೆ ಬೇರೆ ಕಡೆಯೂ ಬರಬಹುದು.

ಪ್ರವಾಹದ ಎಚ್ಚರಿಕೆಗೆ ಈ ಹಾಳೆಯನ್ನು ದಯವಿಟ್ಟು ಬಳಸಬೇಡಿ. ಬೆಳಗಿನ ಅಳತೆಯ ವರದಿ ಇದು. ಕಬಿನಿಯಂಥ ಜಲಾಶಯ ವಯನಾಡಿನಲ್ಲಿ ಮಳೆ ಸುರಿದರೆ ಬೇಗ ತುಂಬುತ್ತದೆ, ಮಧ್ಯಾಹ್ನದ ಹೊತ್ತಿಗೆ ಗೇಟು ಎತ್ತಿರಬಹುದು. ನಂಜನಗೂಡು, ಟಿ. ನರಸೀಪುರ, ಶ್ರೀರಂಗಪಟ್ಟಣದ ನದಿ ದಂಡೆಯಲ್ಲಿರುವವರು ಜಿಲ್ಲಾಡಳಿತದ ಎಚ್ಚರಿಕೆಯನ್ನೇ ನೆಚ್ಚಿಕೊಳ್ಳಬೇಕು. ಇದೇ ಕೇಂದ್ರಕ್ಕೆ ಹೋಬಳಿ, ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳ ದೊಡ್ಡ ಜಾಲವಿದೆ. ಜಲಾಶಯದ ಹಾಳೆಗಿಂತ ಒಂದೆರಡು ದಿನ ಮೊದಲೇ ಆ ಮಳೆ ವರದಿ ಸುಳಿವು ಕೊಡುತ್ತದೆ. ಭಾಗಮಂಡಲ, ಮಡಿಕೇರಿ, ಆಗುಂಬೆಯ ಮಳೆ ನೋಡಿ ಜಲಾಶಯದ ಹಾಳೆ ಓದುವುದು ಒಳ್ಳೆಯ ರೂಢಿ.

ಪರ್ಯಾಯ ಏನಿದೆ? ಕೇಂದ್ರ ಜಲ ಆಯೋಗ ವಾರಕ್ಕೊಮ್ಮೆ, ಗುರುವಾರ, ದೇಶದ 150ಕ್ಕೂ ಹೆಚ್ಚು ಜಲಾಶಯಗಳ ಬುಲೆಟಿನ್ ಹೊರಡಿಸುತ್ತದೆ. ಅದು ಬಳಸಬಹುದಾದ ಸಂಗ್ರಹವನ್ನೇ ಕೊಡುತ್ತದೆ, ಹತ್ತು ವರ್ಷದ ಸರಾಸರಿಯನ್ನೂ ಕೊಡುತ್ತದೆ. ಮೇಲಿನ ಎರಡು ದೊಡ್ಡ ತಕರಾರಿಗೆ ಅಲ್ಲಿ ಉತ್ತರವಿದೆ. ಆದರೆ ವಾರಕ್ಕೊಮ್ಮೆ ಮಾತ್ರ, ಅಂಕಿಗಳು ಬಿಸಿಎಂನಲ್ಲಿ (ನೂರು ಕೋಟಿ ಘನ ಮೀಟರ್). 35.3ರಿಂದ ಗುಣಿಸಿದರೆ ಟಿಎಂಸಿ. ಒಂದೇ ದಿನ ಒಂದೇ ಜಲಾಶಯಕ್ಕೆ ಎರಡು ವರದಿಗಳಲ್ಲಿ ಎರಡು ಶೇಕಡಾ ಕಂಡರೆ ಗಾಬರಿ ಬೇಡ. ಒಂದು ಒಟ್ಟು ಸಂಗ್ರಹದ್ದು, ಇನ್ನೊಂದು ಬಳಕೆಯ ಸಂಗ್ರಹದ್ದು. ಹಳೆಯ ವರ್ಷಗಳ ಸರಣಿ ಬೇಕೆಂದರೆ ಕೇಂದ್ರ ಸರ್ಕಾರದ್ದೇ ಆದ ಇಂಡಿಯಾ–ಡಬ್ಲ್ಯುಆರ್‌ಐಎಸ್ ಎಂಬ ಜಲಮಾಹಿತಿ ಜಾಲತಾಣ ಇದೆ. ನಿಧಾನ, ಬಳಸಲು ತುಸು ತ್ರಾಸು, ಆದರೂ ಅಂಕಿಗಳನ್ನು ಸ್ಪ್ರೆಡ್‌ಶೀಟಿಗೆ ಇಳಿಸಿಕೊಳ್ಳಬಹುದು. ನಮ್ಮ ಸಲಹೆ: ದಿನದ ಬೆಳವಣಿಗೆಗೆ ರಾಜ್ಯದ ಹಾಳೆ, ತೀರ್ಮಾನಕ್ಕೆ ಗುರುವಾರದ ಬುಲೆಟಿನ್. ದಿನದ ಹಾಳೆಯನ್ನು ಆಯಾ ದಿನವೇ ಇಳಿಸಿಟ್ಟುಕೊಳ್ಳಿ.

ಹಾಳೆಯ ಹೊರಗೆ ಉಳಿಯುವ ನೀರು ಬಹಳ. ಮಂಗಳೂರು ಕುಡಿಯುವುದು ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟೆಯಿಂದ, 14ರ ಪಟ್ಟಿಯಲ್ಲಿ ಅದಿಲ್ಲ. ಬೆಳಗಾವಿಯ ರಕ್ಕಸಕೊಪ್ಪ ಇಲ್ಲ. ಅರ್ಕಾವತಿಯ ತಿಪ್ಪಗೊಂಡನಹಳ್ಳಿ ಇಲ್ಲ. ನುಗು, ಸುವರ್ಣಾವತಿ, ಯಗಚಿಯಂಥ ಮಧ್ಯಮ ಜಲಾಶಯಗಳಿಲ್ಲ. ಕೋಲಾರ ಜಿಲ್ಲೆಗಂತೂ ಈ ಹಾಳೆ ಏನನ್ನೂ ಹೇಳುವುದಿಲ್ಲ, ಅಲ್ಲಿ ವರ್ಷವಿಡೀ ಹರಿಯುವ ನದಿಯೇ ಇಲ್ಲ. ಬೆಂಗಳೂರಿನ ಸಂಸ್ಕರಿತ ನೀರನ್ನು ಕೆಸಿ ವ್ಯಾಲಿ ಯೋಜನೆಯಲ್ಲಿ 2018ರಿಂದ ಅಲ್ಲಿನ ಕೆರೆಗಳಿಗೆ ಹರಿಸುತ್ತಿದ್ದಾರೆ. ವಿನ್ಯಾಸದ ಪ್ರಮಾಣ 440 ಎಂಎಲ್‌ಡಿ, ಪೂರ್ತಿ ಹರಿದರೆ ವರ್ಷಕ್ಕೆ 5.7 ಟಿಎಂಸಿ. ಹಾರಂಗಿಯ ಮೂರರಲ್ಲಿ ಎರಡು ಪಾಲಿನಷ್ಟು ನೀರು, ಆದರೂ ದಿನದ ಲೆಕ್ಕದಲ್ಲಿ ಅದಕ್ಕೊಂದು ಸಾಲಿಲ್ಲ. ಕೆರೆಗಳ ಮಟ್ಟ ಮತ್ತು ನೀರಿನ ಗುಣಮಟ್ಟ ಎರಡನ್ನೂ ಕೊಡುವ ಹಾಳೆ ಆ ಜಿಲ್ಲೆಗೆ ಬೇಕು.

ಕೆಜಿಎಫ್‌ನ ಚಿನ್ನದ ಗಣಿಗಳಲ್ಲಿ ನಿಂತಿರುವ ನೀರಿನ ಮಾತೂ ಆಗಾಗ ಕೇಳಿಬರುತ್ತದೆ. ಗಣಿ ನಡೆಯುತ್ತಿದ್ದಾಗ ಒಳಗಿನ ನೀರನ್ನು ಹೊರಗೆ ಪಂಪು ಮಾಡುತ್ತಿದ್ದರು, ಊರಿಗೆ ಕುಡಿಯುವ ನೀರು ಪಾಲಾರ್‌ನ ಬೇತಮಂಗಲ ಕೆರೆಯಿಂದ ಬರುತ್ತಿತ್ತು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಪಂಪು ನಿಂತರೆ ಶಾಫ್ಟು (ನೆಲದೊಳಕ್ಕೆ ನೇರ ಇಳಿಯುವ ಬಾವಿ), ಸುರಂಗಗಳು ತುಂಬುವುದು ಸಹಜ. ಮೂರು ಕಿಲೋಮೀಟರಿಗೂ ಆಳದ ಗಣಿ ಎಂದ ಕೂಡಲೇ ಅಕ್ಷಯ ಭಂಡಾರ ಎಂದುಕೊಳ್ಳುವುದು ತಪ್ಪು. ಇಂಥ ನೀರನ್ನು ಅಳೆಯುವ ಕ್ರಮ ಜಲಾಶಯದ್ದಕ್ಕಿಂತ ಬೇರೆ. ಮೊದಲು ಗಣಿ ನಕ್ಷೆಗಳಿಂದ ಅಗೆದು ತೆಗೆದ ಒಟ್ಟು ಜಾಗ ಲೆಕ್ಕ ಹಾಕಿ, ಮತ್ತೆ ತುಂಬಿಸಿದ ಕಲ್ಲು–ಮಣ್ಣು ಮತ್ತು ಕುಸಿದದ್ದನ್ನು ಕಳೆಯಬೇಕು. ಆಮೇಲೆ ಒಂದೇ ವೇಗದಲ್ಲಿ ವಾರಗಟ್ಟಲೆ ಪಂಪು ಮಾಡಿ ಮಟ್ಟ ಎಷ್ಟು ಇಳಿಯಿತೆಂದು ಶಾಫ್ಟಿನಲ್ಲಿ ಅಳೆಯಬೇಕು. ಒಂದೆರಡು ದಿನದ ಪರೀಕ್ಷೆ ಸಾಲದು. ಮೊದಲ ಗಂಟೆಗಳಲ್ಲಿ ಇಳಿಯುವುದು ಶಾಫ್ಟಿನೊಳಗಿನ ನೀರು ಮಾತ್ರ, ಅಡ್ಡ ಸುರಂಗಗಳ ನೀರು ನಿಧಾನವಾಗಿ ಬಂದು ಸೇರುತ್ತದೆ. ಪಂಪು ನಿಲ್ಲಿಸಿದ ಮೇಲೆ ಮಟ್ಟ ಮತ್ತೆ ಏರಲು ಹಿಡಿಯುವ ಕಾಲವೇ ಮುಖ್ಯ ಅಂಕಿ. ವರ್ಷಕ್ಕೆ ಎಷ್ಟು ತೆಗೆಯಬಹುದು ಎಂಬುದನ್ನು ಅದೇ ಹೇಳುತ್ತದೆ. ಒಳಗೆ ಎಷ್ಟು ನಿಂತಿದೆ ಎಂಬುದು ಒಂದು ಸಲ ಖರ್ಚಾಗುವ ದುಡ್ಡು. ನೀರಿನ ಮಾದರಿಯನ್ನು ಮೇಲ್ಮೈಯಿಂದ ತೆಗೆದು ಪರೀಕ್ಷೆಗೆ ಕಳಿಸಿದರೂ ಪ್ರಯೋಜನವಿಲ್ಲ. ಮಳೆಯ ತಿಳಿನೀರು ಮೇಲೆ ತೇಲಿ, ಲವಣ ಹೆಚ್ಚಿರುವ ನೀರು ತಳದಲ್ಲಿ ನಿಲ್ಲುತ್ತದೆ. ಮೂರ್ನಾಲ್ಕು ಆಳಗಳಲ್ಲಿ ಮಾದರಿ ತೆಗೆದು, ಪಂಪು ಮಾಡುವಾಗ ಮತ್ತೆ ತೆಗೆದು, ಆರ್ಸೆನಿಕ್, ಸೀಸ, ಕಬ್ಬಿಣ, ಸಲ್ಫೇಟ್ ನೋಡಬೇಕು. ಊರ ಪಕ್ಕದ ಸೈನೈಡ್ ದಿಬ್ಬಗಳಿಂದ ಮಳೆನೀರು ಇಳಿಯುವ ಕಡೆಯಲ್ಲಿ ಸೈನೈಡ್ ಪರೀಕ್ಷೆಯೂ ಬೇಕು. ಇಷ್ಟು ಅಂಕಿಗಳು ಕೈಗೆ ಬರುವ ಮುನ್ನ ಆ ನೀರನ್ನು ಯಾವ ಕುಡಿಯುವ ನೀರಿನ ಯೋಜನೆಯ ಜಮೆಗೂ ಹಾಕಬಾರದು.